ನೆಲದ ಸಿಂಹ ನೆಲಕ್ಕಿಳಿದಾಗ

ಗೋಸುಂಬೆ ಎಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಬಣ್ಣ ಬದಲಿಸುವ ಗುಣ. ಅದರ ಹಿಂದೆಯೇ ಪಕ್ಷ ಬದಲಿಸುವ ರಾಜಕಾರಣಿ. ಪತ್ರಿಕೆಗಳಲ್ಲಿ ಈ ಬಡಪ್ರಾಣಿಯ ಹೆಸರು ಬಂದಾಗಲೆಲ್ಲ ಅದು ಬೈಗುಳವಾಗಿಯೇ ಬಂದಿರುತ್ತದೆ. ಬೇಲಿಯ ಮೇಲೆ ತಲೆಯಾಡಿಸುತ್ತ ಕುಳಿತಿರುವ ಓತಿಕ್ಯಾತವನ್ನೇ ಗೋಸುಂಬೆಯೆಂದು ತಿಳಿದವರೂ ಬಹಳ. ಓತಿ ಚುರುಕಾಗಿ ಓಡುತ್ತದೆ. ಗೋಸುಂಬೆ ಒಂದು ಹೆಜ್ಜೆ ಎತ್ತಿ, ಇಡಲೋ ಬೇಡವೋ ಎಂದು ತೂಗಾಡಿ, ಬಳಿಕ ಇಡುತ್ತದೆ. ಓತಿಯ ಬೆರಳುಗಳು ಬಿಡಿಬಿಡಿ. ಗೋಸುಂಬೆಯ ಬೆರಳುಗಳು ಎರಡು ಕಟ್ಟಾಗಿ ಕೂಡಿ ಇಕ್ಕಳದಂತೆ ಕೊಂಬೆಯನ್ನು ಹಿಡಿಯುತ್ತವೆ. ಎರಡು ಕಣ್ಣು ಎರಡು ದಿಕ್ಕಿಗೆ ಹೊರಳುತ್ತಿದ್ದರೆ ಅದು ಗೋಸುಂಬೆಯೇ, ಅನುಮಾನ ಬೇಡ.

ಗ್ರೀಕರು ಇದಕ್ಕಿಟ್ಟ ಹೆಸರಿನ ಅರ್ಥ ‘ನೆಲದ ಸಿಂಹ’. ಇಂಗ್ಲಿಷಿನ ಕೆಮಿಲಿಯನ್ ಎಂಬ ಪದ ಅದರಿಂದಲೇ ಹುಟ್ಟಿತು. ಜೀವಮಾನವಿಡೀ ಕೊಂಬೆಗೆ ಅಂಟಿಕೊಂಡಿರುವ ಪ್ರಾಣಿಗೆ ನೆಲದ ಹೆಸರು ವಿಚಿತ್ರವಾಗಿ ತೋರುತ್ತದೆ. ಆದರೆ ಹೆಣ್ಣು ಗೋಸುಂಬೆಯ ಬಾಳಿನಲ್ಲಿ ನೆಲಕ್ಕೆ ಇಳಿಯಲೇಬೇಕಾದ ಒಂದು ಹೊತ್ತಿದೆ. ಅದು ಮೊಟ್ಟೆಯಿಡುವ ಹೊತ್ತು. ಮನುಷ್ಯ ಈ ಪ್ರಾಣಿಯನ್ನು ಕುರಿತು ಎರಡು ಸಾವಿರದ ಮುನ್ನೂರು ವರ್ಷಗಳಿಂದ ಬರೆಯುತ್ತ ಬಂದಿದ್ದಾನೆ. ಸುಮಾರು ನಾಲ್ಕು ನೂರು ವರ್ಷಗಳಿಂದ ಮನೆಯಲ್ಲಿ ಸಾಕುತ್ತ ಬಂದಿದ್ದಾನೆ. ಹಾಗಿದ್ದೂ ಸಾಕಿದ ಹೆಣ್ಣಿಗೆ ಒಂದಡಿ ಮಣ್ಣು ಬೇಕು ಎಂಬ ಸರಳ ಸಂಗತಿ ಸಾಕುವವರಲ್ಲಿ ಸಾಮಾನ್ಯ ತಿಳಿವಳಿಕೆಯಾದದ್ದು ತೀರ ಈಚೆಗೆ. ಅದಕ್ಕೆ ಮುನ್ನ ಹೊಟ್ಟೆಯ ತುಂಬ ಮೊಟ್ಟೆಯನ್ನು ಇಟ್ಟುಕೊಂಡೇ ಪಂಜರದಲ್ಲಿ ಸತ್ತ ಹೆಣ್ಣುಗಳಿಗೆ ಲೆಕ್ಕವಿಟ್ಟವರಿಲ್ಲ. ಈ ವಿಳಂಬದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಬರೆದ ಪ್ರಾಣಿಚರಿತ್ರೆಯ ಎರಡನೆಯ ಭಾಗದಲ್ಲಿ ಗೋಸುಂಬೆಗೆ ಪ್ರತ್ಯೇಕವಾದ ಒಂದು ಅಧ್ಯಾಯವೇ ಇದೆ. ಕಣ್ಣು ಚರ್ಮದಿಂದ ಮುಚ್ಚಿರುವುದು, ಅದು ಎಲ್ಲ ದಿಕ್ಕಿಗೂ ತಿರುಗುವುದು, ಬೆರಳುಗಳ ವಿಂಗಡಣೆ, ಮೈ ಉಬ್ಬಿಸಿದಾಗ ಬಣ್ಣ ಬದಲಾಗುವುದು, ಕೊಯ್ದು ನೋಡಿದ ಮೇಲೂ ಬಹಳ ಹೊತ್ತು ಉಸಿರಾಟ ನಡೆಯುವುದು ಎಲ್ಲವೂ ಅಲ್ಲಿವೆ. ನಾಲಗೆಯ ಮಾತು ಮಾತ್ರ ಇಲ್ಲ! ಐದನೆಯ ಭಾಗದಲ್ಲಿ ಹಲ್ಲಿಗಳು ನೆಲದಲ್ಲಿ ಮೊಟ್ಟೆಯಿಡುತ್ತವೆ, ಅವು ಮಣ್ಣಿನೊಳಗೆ ತಾವಾಗಿಯೇ ಒಡೆಯುತ್ತವೆ ಎಂದು ಆತ ಬರೆದ. ಹಲ್ಲಿಯ ಆಯುಷ್ಯ ಆರು ತಿಂಗಳನ್ನು ಮೀರದೆಂಬ ಮಾತನ್ನೂ ಸೇರಿಸಿದ. ಈ ಕೊನೆಯ ಮಾತನ್ನು ಓದಿ ನಕ್ಕವರುಂಟು. ನಗುವ ಮುನ್ನ ಸ್ವಲ್ಪ ತಾಳಬೇಕು. ಮುಂದೆ ಈ ವಿಷಯಕ್ಕೆ ಬರುತ್ತೇನೆ.

ಅರಿಸ್ಟಾಟಲನ ಎಚ್ಚರಿಕೆ ರೋಮಿನ ಪ್ಲಿನಿಗೆ ಇರಲಿಲ್ಲ. ಗೋಸುಂಬೆ ಏನನ್ನೂ ತಿನ್ನುವುದಿಲ್ಲ, ಏನನ್ನೂ ಕುಡಿಯುವುದಿಲ್ಲ, ಗಾಳಿಯೊಂದನ್ನೇ ಸೇವಿಸಿ ಬದುಕುತ್ತದೆ ಎಂದು ಆತ ಒಂದನೆಯ ಶತಮಾನದಲ್ಲಿ ಬರೆದುಬಿಟ್ಟ. ಮುಂದಿನ ಒಂದೂವರೆ ಸಾವಿರ ವರ್ಷ ಯೂರೋಪಿನ ವಿದ್ವಾಂಸರು ಈ ಗಾಳಿಯನ್ನೇ ಅಗಿಯುತ್ತ ಕುಳಿತರು. ಷೇಕ್ಸ್‌ಪಿಯರ್ ಕೂಡ ಹ್ಯಾಮ್ಲೆಟನ ಬಾಯಲ್ಲಿ ಅದೇ ಮಾತನ್ನು ಆಡಿಸಿದ. ನಮ್ಮ ಪುರಾಣಗಳ ದಾರಿಯೂ ಬೇರೆಯಲ್ಲ. ಭಾಗವತದ ನೃಗ ಮಹಾರಾಜ ಕೃಕಲಾಸನಾಗಿ ಹಾಳುಬಾವಿಯಲ್ಲಿ ಬಿದ್ದಿದ್ದು, ಶ್ರೀಕೃಷ್ಣನ ಕೈ ಸೋಕಿ ಮುಕ್ತನಾದ ಕಥೆ ಓದುಗರಿಗೆ ಗೊತ್ತಿರುತ್ತದೆ. ಕೃಕಲಾಸವೆಂದರೆ ಓತಿಯೋ ಗೋಸುಂಬೆಯೋ ಎಂಬ ಜಿಜ್ಞಾಸೆ ನಿಘಂಟುಕಾರರಿಗೆ ಇರಲಿ. ಕಥೆಗೆ ಬೇಕಾದದ್ದು ರಾಜನ ಶಾಪ, ಪ್ರಾಣಿಯ ಪಾಡಲ್ಲ.

ಹದಿನೇಳನೆಯ ಶತಮಾನದಲ್ಲಿ ಗೋಸುಂಬೆ ಹಡಗೇರಿ ಯೂರೋಪಿನ ಮನೆಗಳನ್ನು ಹೊಕ್ಕಿತು. ದಕ್ಷಿಣ ಫ್ರಾನ್ಸಿನ ಎಕ್ಸ್ ನಗರದ ವಿದ್ವಾಂಸ ಪೈರೆಸ್ಕ್ 1630ರ ದಶಕದಲ್ಲಿ ಉತ್ತರ ಆಫ್ರಿಕದಿಂದ ಗೋಸುಂಬೆಗಳನ್ನು ತರಿಸಿ ಸಾಕಿದ. ಇಂಗ್ಲೆಂಡಿನ ವೈದ್ಯ ಥಾಮಸ್ ಬ್ರೌನ್ 1646ರಲ್ಲಿ ಪ್ರಕಟಿಸಿದ ಜನಪ್ರಿಯ ತಪ್ಪುನಂಬಿಕೆಗಳ ಪುಸ್ತಕದಲ್ಲಿ ಗೋಸುಂಬೆಗೆ ಒಂದು ಅಧ್ಯಾಯ ಮೀಸಲಿಟ್ಟು, ಹಲ್ಲು, ನಾಲಗೆ, ಜಠರ, ಕರುಳು ಎಲ್ಲ ಇರುವ ಪ್ರಾಣಿ ಗಾಳಿ ತಿಂದು ಬದುಕುವುದೆಂತು ಎಂದು ಕೇಳಿದ. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಕ್ಲೋದ್ ಪೆರೋ 1669ರಲ್ಲಿ ಗೋಸುಂಬೆಯ ಅಂಗರಚನೆಯನ್ನು ಪ್ರಕಟಿಸಿದ. ಅದೇ ಪ್ಯಾರಿಸಿನಲ್ಲಿ ಕಾದಂಬರಿಕಾರ್ತಿ ಮದ್ಲೆನ್ ದ ಸ್ಕ್ಯುದೇರಿ ಅಲೆಕ್ಸಾಂಡ್ರಿಯದಿಂದ ಬಂದ ಗೋಸುಂಬೆಗಳನ್ನು 1670ರ ದಶಕದಲ್ಲಿ ತನ್ನ ಮನೆಯಲ್ಲಿಟ್ಟುಕೊಂಡಳು; ಎರಡು ಗೋಸುಂಬೆಗಳ ಚರಿತ್ರೆ ಎಂಬ ಅವಳ ಬರಹ 1688ರಲ್ಲಿ ಅಚ್ಚಾಯಿತು. ಪ್ರಾಣಿಗಳು ಕೇವಲ ಯಂತ್ರಗಳೆಂದು ದೆಕಾರ್ತನ ಅನುಯಾಯಿಗಳು ವಾದಿಸುತ್ತಿದ್ದ ಕಾಲದಲ್ಲಿ, ಅವಕ್ಕೂ ಭಾವನೆಗಳುಂಟೆಂದು ನಂಬಿದ ಹೆಣ್ಣುಮಗಳು ಅವಳು. ಪೆರೋ ತೀರಿಕೊಂಡದ್ದೂ ಅದೇ 1688ರಲ್ಲಿ. ಒಂಟೆಯೊಂದರ ಶವವನ್ನು ಕೊಯ್ಯುವಾಗ ತಗಲಿದ ಸೋಂಕಿನಿಂದ ಎಂದು ಹೇಳುತ್ತಾರೆ.

ಪೆರೋವಿನ ಚಾಕುವಿಗಿಂತ ಸ್ಕ್ಯುದೇರಿಯ ಮಮತೆ ನನಗೆ ಹೆಚ್ಚು ಆಪ್ತ. ಆದರೆ ಚಾಕುವಾಗಲಿ ಮಮತೆಯಾಗಲಿ ಕೇಳಿದ ಪ್ರಶ್ನೆಗಳು ಮಾತ್ರ ಅವೇ: ಇದು ಏನನ್ನು ತಿನ್ನುತ್ತದೆ, ಬಣ್ಣ ಹೇಗೆ ಬದಲಿಸುತ್ತದೆ? ದಿವಾನಖಾನೆಯಲ್ಲಿ ಅತಿಥಿಗಳ ಮುಂದೆ ತೋರಿಸಬಹುದಾದವು ಅವೆರಡೇ ತಾನೆ. ಮೊಟ್ಟೆಯಿಡುವುದು ತೋರಿಕೆಯ ಕೆಲಸವಲ್ಲ. ನೋಡುವ ಕಣ್ಣುಗಳಿದ್ದರೆ ಅದು ನಡೆಯುವುದೇ ಇಲ್ಲ.

ಕಾಡಿನಲ್ಲಿ ನಡೆಯುವುದು ಹೀಗೆ. ಗಂಡನ್ನು ಕೂಡಿದ ಕೆಲವೇ ದಿನಗಳಲ್ಲಿ ಹೆಣ್ಣಿನ ಮೈಬಣ್ಣ ಗಾಢವಾಗುತ್ತದೆ, ಜಾತಿಗೆ ತಕ್ಕಂತೆ ಮೈಮೇಲೆ ಹೊಸ ಚುಕ್ಕೆಗಳು ಏಳುತ್ತವೆ. ಗಂಡು ಹತ್ತಿರ ಬಂದರೆ ಬಾಯಿ ತೆರೆದು ಬುಸುಗುಟ್ಟಿ ಓಡಿಸುತ್ತದೆ. ದಿನ ತುಂಬಿದಾಗ ಆಹಾರ ಬಿಟ್ಟು, ಅದುವರೆಗೆ ಇಷ್ಟಪಡದ ನೆಲಕ್ಕೆ ಇಳಿದು ಅಲೆಯತೊಡಗುತ್ತದೆ. ಒಂದೆಡೆ ಕೆರೆದು ಬಿಡುತ್ತದೆ, ಇನ್ನೊಂದೆಡೆ ಕೆರೆದು ಬಿಡುತ್ತದೆ. ಮಣ್ಣಿನ ಹಸಿ, ಬಿಗಿ, ಬಿಸುಪು ಮನಸ್ಸಿಗೆ ಬಂದ ಕಡೆ ಮುಂಗಾಲಿನಿಂದ ಅಗೆದು ಹಿಂಗಾಲಿನಿಂದ ಹೊರತಳ್ಳುತ್ತ, ತನ್ನ ಮೈಯೇ ಮರೆಯಾಗುವಷ್ಟು ಸುರಂಗ ತೋಡುತ್ತದೆ. ಒಳಗೆ ತಿರುಗಿಕೊಂಡು ಒಂದೊಂದಾಗಿ ಮೊಟ್ಟೆಗಳನ್ನಿಟ್ಟು, ಮಣ್ಣೆಳೆದು ಮುಚ್ಚಿ, ಕಾಲಿನಿಂದ ತುಳಿದು ಗಟ್ಟಿಮಾಡಿ ಮರವೇರುತ್ತದೆ. ಮತ್ತೆ ಅತ್ತ ತಿರುಗಿ ನೋಡುವುದಿಲ್ಲ. ದಕ್ಷಿಣ ಸ್ಪೇನಿನಲ್ಲಿ ಶರತ್ಕಾಲದಲ್ಲಿ ಹೂತ ಮೊಟ್ಟೆಗಳು ಒಡೆಯುವುದು ಮರುವರ್ಷದ ಬೇಸಿಗೆಯ ಕೊನೆಗೆ. ನೆಲಕ್ಕಿಳಿದ ಹೆಣ್ಣುಗಳು ರಸ್ತೆ ದಾಟುವಾಗ ಗಾಡಿಯ ಚಕ್ರಕ್ಕೆ ಸಿಕ್ಕುವುದೂ ಅಲ್ಲಿ ಆಗಲೇ.

ಚಿತ್ರದುರ್ಗ ಸೀಮೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನಿದ್ದಾಗ ಇದನ್ನು ಕಣ್ಣಾರೆ ನೋಡುವ ಅವಕಾಶ ಒದಗಿತ್ತು. ಹಿಂಗಾರು ಬಿದ್ದ ಮರುವಾರ, ಆಟದ ಬಯಲಿನಂಚಿನ ಹೊಂಗೆಮರದ ಬುಡದಲ್ಲಿ ದಪ್ಪಹೊಟ್ಟೆಯ ಗೋಸುಂಬೆಯೊಂದು ಮಣ್ಣು ಕೆರೆಯುತ್ತಿತ್ತು. ಹುಡುಗರ ಕೈಯಲ್ಲಿ ಆಗಲೇ ಕಲ್ಲುಗಳಿದ್ದವು. ನಮ್ಮ ಶಾಲೆಯ ಜವಾನ, ವಯಸ್ಸಾದವನು, “ಬ್ಯಾಡಿ ಸಾ, ಹತ್ರ ಹೋಗ್ಬ್ಯಾಡಿ, ಅದು ಉಗುಳಿದ್ರೆ ವಿಷ” ಎಂದು ನನ್ನ ತೋಳನ್ನೇ ಹಿಡಿದ. ಅದರ ಬಾಯಲ್ಲಿ ವಿಷವಿಲ್ಲವೆಂದೂ ಅದು ಬಸುರಿಯೆಂದೂ ಹೇಳಿದೆ. ಬಸುರಿ ಎಂಬ ಒಂದು ಮಾತು ಅವನ ಮುಖವನ್ನೇ ಬದಲಿಸಿತು. ಆಮೇಲೆ ಹುಡುಗರನ್ನು ಗದರಿ ಅಟ್ಟಿದವನೂ ಅವನೇ, ಸಂಜೆಯ ಗಂಟೆ ಹೊಡೆಯುವವರೆಗೆ ಅತ್ತ ಯಾರೂ ಸುಳಿಯದಂತೆ ಕಾದವನೂ ಅವನೇ. ಮರುದಿನ ಹೋಗಿ ನೋಡಿದರೆ ಗುಂಡಿ ಎಲ್ಲಿತ್ತೆಂದು ಗುರುತಿಸುವುದೂ ಕಷ್ಟವಾಗುವಂತೆ ನೆಲ ಮಟ್ಟವಾಗಿತ್ತು.

ಪಂಜರದಲ್ಲಿ ಇದೊಂದೂ ಸಾಧ್ಯವಿರಲಿಲ್ಲ. ಇಪ್ಪತ್ತನೆಯ ಶತಮಾನದ ಬಹುಪಾಲು ಆಫ್ರಿಕ ಮತ್ತು ಮಡಗಾಸ್ಕರಿನಿಂದ ಸಾವಿರಗಟ್ಟಲೆ ಗೋಸುಂಬೆಗಳು ಪೆಟ್ಟಿಗೆಗಳಲ್ಲಿ ಯೂರೋಪ್, ಅಮೆರಿಕಗಳಿಗೆ ಸಾಗಿದವು. ಹಿಡಿದಾಗಲೇ ಗರ್ಭ ಧರಿಸಿದ್ದ ಹೆಣ್ಣುಗಳೂ ಅವುಗಳಲ್ಲಿದ್ದವು. ಪಂಜರದ ತಳಕ್ಕೆ ಹಲಗೆ, ತಗಡು, ಕಾಗದ. ಹೆಚ್ಚೆಂದರೆ ಎರಡು ಬೆರಳು ಮಣ್ಣು. ಅಗೆಯಲು ಜಾಗವಿಲ್ಲದ ಹೆಣ್ಣು ಮೊಟ್ಟೆಯನ್ನು ತಡೆಹಿಡಿಯುತ್ತದೆ. ತಡೆದಷ್ಟೂ ನಿತ್ರಾಣವಾಗುತ್ತದೆ, ಕಣ್ಣು ಗುಳಿಬೀಳುತ್ತದೆ, ಹಗಲಿನಲ್ಲೇ ಕಣ್ಣು ಮುಚ್ಚಿ ಪಂಜರದ ತಳದಲ್ಲಿ ಕೂರುತ್ತದೆ. ಕೆಲವೇ ದಿನಗಳಲ್ಲಿ ಸಾಯುತ್ತದೆ. ಗೋಸುಂಬೆ ಬಲು ಸೂಕ್ಷ್ಮ, ಸಾಕಿದರೆ ಉಳಿಯದು ಎಂಬ ಅಪಖ್ಯಾತಿ ಬಂದದ್ದರಲ್ಲಿ ಇಂಥ ಸಾವುಗಳ ಪಾಲೂ ಇದೆ.

ಮಣ್ಣಿನ ಕೊರತೆಯ ಜೊತೆಗೆ ಇನ್ನೊಂದು ಕೊರತೆ ಇತ್ತು, ಸುಣ್ಣದ್ದು. ಮೊಟ್ಟೆಯ ಚಿಪ್ಪಿಗೂ, ಅದನ್ನು ಹೊರದೂಡುವ ಸ್ನಾಯುವಿನ ಕೆಲಸಕ್ಕೂ ಕ್ಯಾಲ್ಸಿಯಂ ಬೇಕು. ತಿಂದದ್ದರಲ್ಲಿ ಸಾಲದಿದ್ದರೆ ತಾಯಿಯ ಮೂಳೆಯಿಂದಲೇ ಅದು ಕರಗಿ ಹೋಗುತ್ತದೆ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ತ್ವ ಬೇಕು. ಅದು ಚರ್ಮದಲ್ಲಿ ಹುಟ್ಟಲು ಬಿಸಿಲಿನ ಅತಿನೇರಳೆ ಕಿರಣ ಬೇಕು. ಇದನ್ನು ಕಲಿಸಿದ್ದು ಮನುಷ್ಯರ ಮಕ್ಕಳು. ಮೊದಲನೆಯ ಮಹಾಯುದ್ಧ ಮುಗಿದ ಬಳಿಕ, 1919ರಲ್ಲಿ, ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್ಸ್ಕಿ ಮೂಳೆ ಬಾಗಿದ ಮಕ್ಕಳನ್ನು ಪಾದರಸದ ಆವಿಯ ದೀಪದ ಬೆಳಕಿನಲ್ಲಿ ಕೂರಿಸಿ ಗುಣಪಡಿಸಿ ತೋರಿಸಿದ. 1922ರಲ್ಲಿ ಮೆಕಾಲಂ ಆ ಜೀವಸತ್ತ್ವಕ್ಕೆ ಹೆಸರಿಟ್ಟ. ಗಾಜಿನ ಕಿಟಕಿಯ ಮೂಲಕ ಬರುವ ಬಿಸಿಲಿನಿಂದ ಈ ಪ್ರಯೋಜನವಿಲ್ಲ. ಪಂಜರದ ಪ್ರಾಣಿಗಳಿಗೆ ಅಂಥ ದೀಪ ಅಂಗಡಿಯಲ್ಲಿ ಸುಲಭವಾಗಿ ಸಿಗುವಂತಾಗಲು ಮತ್ತೆ ಅರುವತ್ತು ಎಪ್ಪತ್ತು ವರ್ಷಗಳೇ ಬೇಕಾದವು.

ಎಲ್ಲರ ಕಣ್ಣು ತೆರೆಸಿದ್ದು ಯೆಮೆನಿನ ಗೋಸುಂಬೆ. ತಲೆಯ ಮೇಲೆ ಎತ್ತರದ ಶಿಖೆಯಿರುವ ಈ ಜಾತಿಗೆ 1851ರಲ್ಲಿ ಪ್ಯಾರಿಸಿನ ದ್ಯುಮೆರಿಲ್ ತಂದೆಮಕ್ಕಳು ಶಾಸ್ತ್ರೀಯ ಹೆಸರಿಟ್ಟರು. ಯೆಮೆನ್ ಮತ್ತು ನೈಋತ್ಯ ಸೌದಿ ಅರೇಬಿಯದ ಬೆಟ್ಟದ ಇಳಿಜಾರುಗಳು, ಕಣಿವೆಗಳು ಅದರ ತವರು. ಗಟ್ಟಿಜೀವ, ಪಂಜರದಲ್ಲಿ ಚೆನ್ನಾಗಿ ಮರಿಮಾಡುತ್ತದೆ. 1990ರ ದಶಕದಿಂದ ಪಾಶ್ಚಾತ್ಯ ದೇಶಗಳ ಮನೆಗಳಲ್ಲಿ ಇದೇ ಹೆಚ್ಚು. ಇದರಲ್ಲೊಂದು ವಿಶೇಷವುಂಟು: ಕೋಳಿಯ ಹಾಗೆ ಗಂಡಿಲ್ಲದೆಯೂ ಹೆಣ್ಣು ಮೊಟ್ಟೆ ಇಡುತ್ತದೆ. ಮರಿಯಾಗದ ಮೊಟ್ಟೆಯಾದರೂ ಇಡುವ ಕಷ್ಟ ಅಷ್ಟೇ, ಇಡಲಾಗದಿದ್ದರೆ ಬರುವ ಸಾವೂ ಅದೇ. ಒಂಟಿ ಹೆಣ್ಣನ್ನು ಸಾಕಿದವನಿಗೂ ಮಣ್ಣಿನ ಪಾತ್ರೆ ತಪ್ಪದು ಎಂಬ ಪಾಠ ಈ ಜಾತಿಯಿಂದಲೇ ಮನೆಮನೆಗೆ ಮುಟ್ಟಿತು.

ಈ ಪಾಠ ನಡೆಯುವುದನ್ನು ದೂರದಿಂದ ನಾನೂ ಕೇಳಿದ್ದೇನೆ. ನನ್ನ ಹಳೆಯ ಶಿಷ್ಯನೊಬ್ಬ ಅಮೆರಿಕದಲ್ಲಿದ್ದಾನೆ. ಅವನ ಮಗಳು, ಆಗ ಹನ್ನೆರಡು ವರ್ಷ, ಈ ಯೆಮೆನ್ ಜಾತಿಯ ಹೆಣ್ಣೊಂದನ್ನು ಸಾಕಿ ಪಚ್ಚಿ ಎಂದು ಹೆಸರಿಟ್ಟಿದ್ದಳು. ಒಂದು ಭಾನುವಾರ ಅವನ ಫೋನು. “ಮೇಷ್ಟ್ರೇ, ಪಚ್ಚಿ ಮೂರು ದಿನದಿಂದ ಏನೂ ತಿಂದಿಲ್ಲ. ಇವಳೂ ತಿಂತಾ ಇಲ್ಲ. ನೀವು ಸ್ವಲ್ಪ ಮಾತಾಡಿ.” ನಾನು ಪಶುವೈದ್ಯನಲ್ಲ, ಮಗುವಿಗೆ ಧೈರ್ಯ ಹೇಳುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು. ಮೈ ಕಪ್ಪುಹಸಿರಾಗಿ, ಹಳದಿ ಮತ್ತು ನೀಲಿ ಚುಕ್ಕೆಗಳೆದ್ದು, ಪಂಜರದ ಬಲೆಯನ್ನು ಹಗಲೆಲ್ಲ ಹತ್ತಿ ಇಳಿಯುತ್ತಿದೆ ಎಂದು ಅವಳು ಹೇಳಿದಾಗ ಅರ್ಥವಾಯಿತು. “ಅಜ್ಜ, ಅದು ಸಾಯ್ತದಾ?” ಎಂದು ಕೇಳಿದಳು. ಅಲ್ಲಿನ ಪ್ರಾಣಿವೈದ್ಯರು ಕೈಯಿಂದ ಮುಟ್ಟಿ ನೋಡಿ, ಮೊಟ್ಟೆಗಳಿವೆ, ಪ್ರಾಣಿ ಇನ್ನೂ ಗಟ್ಟಿಯಾಗಿದೆ, ಜಾಗ ಮಾಡಿಕೊಡಿ ಎಂದರಂತೆ.

ಆ ಹುಡುಗಿ ಮಾಡಿದ್ದನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಎರಡು ಸಾವಿರ ವರ್ಷಗಳ ಪುಸ್ತಕಗಳಲ್ಲಿ ಇಲ್ಲದ್ದು ಇದೇ. ಒಂದಡಿಗೂ ಮಿಕ್ಕಿ ಆಳದ ಪ್ಲಾಸ್ಟಿಕ್ ತೊಟ್ಟಿಯ ತುಂಬ ತೊಳೆದ ಮರಳನ್ನು ಹಾಕಿ ನೀರು ಬೆರೆಸಿದಳು. ಹದವೆಂದರೆ, ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಒಣಮರಳಿನಲ್ಲಿ ಸುರಂಗ ಕುಸಿಯುತ್ತದೆ. ನೀರು ಹೆಚ್ಚಾದರೆ ಹೆಣ್ಣು ಕಾಲಿಡುವುದಿಲ್ಲ. ತೊಟ್ಟಿಗೆ ಇಳಿಯಲು ಒಂದು ಕೊಂಬೆ, ಮರೆಗೆ ಒಂದು ಗಿಡ. ಗೋಸುಂಬೆ ಬಟ್ಟಲಿನಲ್ಲಿ ನಿಂತ ನೀರನ್ನು ಗುರುತಿಸಿ ಕುಡಿಯುವುದು ಅಪರೂಪ. ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಆದ್ದರಿಂದ ದಿನಕ್ಕೆ ಹಲವು ಸಲ ಎಲೆಗಳಿಗೆ ನೀರು ಚಿಮುಕಿಸಿದಳು. ತಿನ್ನುವ ದಿನಗಳಲ್ಲಿ ಜೀರುಂಡೆಗಳಿಗೆ ಸುಣ್ಣದ ಪುಡಿ ಸವರಿ ಕೊಟ್ಟಿದ್ದಳು. ಎಲ್ಲಕ್ಕಿಂತ ಕಷ್ಟದ ಕೆಲಸ ಕೊನೆಯದು: ಪಂಜರದ ಮೂರು ಕಡೆಗೆ ಹಳೆಯ ಬೆಡ್‌ಶೀಟು ಕಟ್ಟಿ, ಇಣುಕಿ ನೋಡದೆ ಇರುವುದು. ಅಗೆಯುವಾಗ ಮನುಷ್ಯರ ಮುಖ ಕಂಡರೆ ಹೆಣ್ಣು ಸುರಂಗವನ್ನು ಅರ್ಧಕ್ಕೇ ಬಿಟ್ಟು ಮೇಲೇರಿಬಿಡುತ್ತದೆ, ಮತ್ತೆ ಇಳಿಯುವ ಶಕ್ತಿ ಅದಕ್ಕೆ ಇದ್ದೀತೆಂಬ ಭರವಸೆಯಿಲ್ಲ. ಹನ್ನೆರಡರ ಮಗುವಿಗೆ ಪ್ರೀತಿಯ ಪ್ರಾಣಿಯನ್ನು ನೋಡದಿರುವುದಕ್ಕಿಂತ ದೊಡ್ಡ ಶಿಕ್ಷೆ ಯಾವುದು? ಅವಳು ಎರಡು ರಾತ್ರಿ ಬೇರೆ ಕೋಣೆಯಲ್ಲಿ ಮಲಗಿದಳಂತೆ.

ಮಂಗಳವಾರ ಸಂಜೆ ಪಚ್ಚಿ ಮೂಗಿಗೆ ಮರಳು ಮೆತ್ತಿಕೊಂಡು, ಹೊಟ್ಟೆ ಇಳಿದು, ಒಣಗಿದ ಎಲೆಯ ಹಾಗೆ ಕೊಂಬೆಯ ಮೇಲಿತ್ತು. ತೊಟ್ಟಿಯ ಮರಳು ನಯವಾಗಿ ಮುಚ್ಚಿತ್ತು. ಬಗೆದು ನೋಡಿದಾಗ ತಳದ ಮೂಲೆಯಲ್ಲಿ ನಲವತ್ತಮೂರು ಬಿಳಿಯ ಮೊಟ್ಟೆಗಳು. ಎಲೆಯ ಹನಿಗಳನ್ನು ಅದು ಬಹಳ ಹೊತ್ತು ನೆಕ್ಕುತ್ತಲೇ ಇತ್ತೆಂದು ಹುಡುಗಿ ನನಗೆ ಹೇಳಿದಳು. ಎಲ್ಲ ಹೆಣ್ಣುಗಳಿಗೂ ಈ ಅದೃಷ್ಟವಿರುವುದಿಲ್ಲ. ಮೊಟ್ಟೆ ಸಿಕ್ಕಿಕೊಂಡರೆ ಕ್ಯಾಲ್ಸಿಯಂ, ಮೊಟ್ಟೆಗಳನ್ನು ಹೊರದೂಡಿಸುವ ಚುಚ್ಚುಮದ್ದು, ಕೊನೆಗೆ ಹೊಟ್ಟೆ ಕೊಯ್ದು ತೆಗೆಯುವ ಶಸ್ತ್ರಚಿಕಿತ್ಸೆ. ಅಷ್ಟರಲ್ಲಿ ಎಷ್ಟೋ ವೇಳೆ ಹೊತ್ತು ಮೀರಿರುತ್ತದೆ.

ಸಾಕುವವರು ತಡವಾಗಿ ಕಲಿತ ಇನ್ನೊಂದು ಸಂಗತಿ ನಮ್ಮ ತಾಯಂದಿರಿಗೆ ಒಪ್ಪಿಗೆಯಾಗುವುದು ಕಷ್ಟ. ಹೆಣ್ಣಿಗೆ ದಿನವೂ ಹೊಟ್ಟೆತುಂಬ ತಿನ್ನಿಸಿ, ಮೈಗೆ ಹೆಚ್ಚು ಶಾಖ ಕೊಟ್ಟಷ್ಟೂ ಮೊಟ್ಟೆಗಳ ಸಂಖ್ಯೆ ಏರುತ್ತದೆ. ಉಣಿಸಿ ಉಬ್ಬಿಸಿದ ಹೆಣ್ಣು ಎಂಬತ್ತಕ್ಕೂ ಮಿಕ್ಕಿ ಮೊಟ್ಟೆಯಿಟ್ಟು, ವರ್ಷಕ್ಕೆ ಎರಡು ಮೂರು ಸಲ ಅದನ್ನೇ ಮಾಡಿ ಬೇಗ ಸಾಯುತ್ತದೆ. ಬೆಳೆದ ಹೆಣ್ಣಿಗೆ ದಿನಬಿಟ್ಟು ದಿನ ಮಿತವಾಗಿ ಕೊಟ್ಟು, ದೀಪದ ಶಾಖವನ್ನು ತುಸು ತಗ್ಗಿಸಿದರೆ ಮೊಟ್ಟೆ ಕಡಿಮೆಯಾಗುತ್ತದೆ, ಆಯುಷ್ಯ ಹೆಚ್ಚುತ್ತದೆ. ಬಡಿಸುವ ಕೈಯನ್ನು ತಡೆಯುವುದೂ ಆರೈಕೆಯೇ ಎಂದು ನಮ್ಮ ಅಡುಗೆಮನೆಯಲ್ಲಿ ಹೇಳಿ ನೋಡಿದೆ. ಉತ್ತರವಾಗಿ ಇನ್ನೊಂದು ದೋಸೆ ತಟ್ಟೆಗೆ ಬಿತ್ತು.

ಎಲ್ಲ ಗೋಸುಂಬೆಗಳೂ ಮೊಟ್ಟೆಯಿಡುವುದಿಲ್ಲ. ಕೆನ್ಯದ ಮೂರು ಕೊಂಬಿನ ಜ್ಯಾಕ್ಸನ್ ಗೋಸುಂಬೆ ನೇರವಾಗಿ ಮರಿ ಹಾಕುತ್ತದೆ. ಅದಕ್ಕೆ ಮಣ್ಣಿನ ಹಂಗಿಲ್ಲ. 1972ರಲ್ಲಿ ಹವಾಯಿಯ ಅಂಗಡಿಕಾರನೊಬ್ಬ ಪ್ರಯಾಣದಿಂದ ಬಳಲಿದ್ದ ಅಂಥ ಕೆಲವು ಗೋಸುಂಬೆಗಳನ್ನು ಚೇತರಿಸಿಕೊಳ್ಳಲೆಂದು ಹಿತ್ತಿಲಿನಲ್ಲಿ ಬಿಟ್ಟ. ಅವು ಚೇತರಿಸಿಕೊಂಡು ಹೊರಟೇಹೋದವು. ಇಂದು ಹವಾಯಿಯ ಕಾಡುಗಳಲ್ಲಿ ಅವುಗಳ ಸಂತತಿ ಅಲ್ಲಿನ ಹುಳುಗಳನ್ನೂ ಬಸವನಹುಳುಗಳನ್ನೂ ತಿಂದು ಬಾಳುತ್ತಿದೆ.

ನಮ್ಮ ದೇಶದ ಗೋಸುಂಬೆಯನ್ನು ಸಾಕುವ ಆಸೆ ಮಾತ್ರ ಯಾರಿಗೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆ ನೀಡಿದೆ. ಹಿಡಿಯುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಅದರ ಮೊಟ್ಟೆಯ ವಿಚಾರವನ್ನು ಕ್ರಮವಾಗಿ ಅಭ್ಯಸಿಸಿ ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ 1980ರ ದಶಕದಲ್ಲಿ ಬರೆದವರು ಸಿಂಗ್, ಆಚಾರ್ಜ್ಯೋ ಮತ್ತು ಬಸ್ಟರ್ಡ್. ಮೊಸಳೆಗಳ ಸಂತತಿಯನ್ನು ಉಳಿಸುವ ಯೋಜನೆಗೆಂದು ಭಾರತಕ್ಕೆ ಬಂದ ರಾಬರ್ಟ್ ಬಸ್ಟರ್ಡ್ ಅದಕ್ಕೆ ಬಹಳ ಮೊದಲೇ ಆಫ್ರಿಕದ ಗೋಸುಂಬೆಗಳ ಬಗೆಗೆ ಬರೆದಿದ್ದವರು. ಮೊಸಳೆಯ ಮೊಟ್ಟೆ ಕಾಯಲು ಬಂದವರ ಕಣ್ಣಿಗೆ ಗೋಸುಂಬೆಯ ಮೊಟ್ಟೆಯೂ ಬಿದ್ದದ್ದು ಸಹಜವೇ.

ಅರಿಸ್ಟಾಟಲನ ಆರು ತಿಂಗಳ ಮಾತಿಗೆ ಮರಳುತ್ತೇನೆ. ಮಡಗಾಸ್ಕರಿನ ನೈಋತ್ಯದ ಒಣಕಾಡುಗಳಲ್ಲಿ ಲಬೋರ್ಡ್ ಗೋಸುಂಬೆ ಎಂಬ ಜಾತಿಯಿದೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ಬಾಳನ್ನು ಲೆಕ್ಕಹಾಕಿತು. ನವೆಂಬರಿನಲ್ಲಿ ಮಳೆ ಬಂದಾಗ ಮರಿಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಎರಡೇ ತಿಂಗಳಲ್ಲಿ ಪ್ರಾಯಕ್ಕೆ ಬಂದು, ಕೂಡಿ, ಹೆಣ್ಣುಗಳು ನೆಲಕ್ಕಿಳಿದು ಮೊಟ್ಟೆ ಹೂಳುತ್ತವೆ. ಹೊರಗಿನ ಆಯುಷ್ಯ ನಾಲ್ಕೈದು ತಿಂಗಳು ಮಾತ್ರ. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಮುಂದಿನ ನವೆಂಬರಿನವರೆಗೆ, ಎಂಟು ಒಂಬತ್ತು ತಿಂಗಳ ಕಾಲ, ಆ ಇಡೀ ಜಾತಿ ಮಣ್ಣಿನೊಳಗೆ ಮೊಟ್ಟೆಗಳಾಗಿ ಮಾತ್ರ ಇರುತ್ತದೆ.